ಚಿಪ್ಪಿನ ಹಾಡಿಗೆ ಯಾವ ಪ್ಲೇಯರ್? ಬಳ್ಳಾರಿ, ರಾಯಚೂರು, ಕೊಪ್ಪಳದ ಕೇಳುಗರಿಗೆ ಒಂದು ಹೋಲಿಕೆ

ಹಾಡಿನ ಆ್ಯಪ್ ಎಂದಾಕ್ಷಣ ಈಗ ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್‌ಗಳ ಹೆಸರು ಬರುತ್ತದೆಯೇ ಹೊರತು, ಫೋನಿನಲ್ಲಿ ಇಲ್ಲವೇ ಚಿಪ್ಪಿನಲ್ಲಿ (ಮೆಮೊರಿ ಕಾರ್ಡಿನಲ್ಲಿ) ಈಗಾಗಲೇ ಇರುವ ಹಾಡನ್ನು ನೆಟ್ಟಿನ ಹಂಗಿಲ್ಲದೆ ನುಡಿಸುವ ಆಫ್‌ಲೈನ್ ಪ್ಲೇಯರುಗಳ ಹೆಸರು ಬರುವುದಿಲ್ಲ. ಜಾಹೀರಾತಿನ ಹಣವೂ ಹೂಡಿಕೆಯ ಹಣವೂ ಸ್ಟ್ರೀಮಿಂಗ್ ಕಡೆಗೆ ಹೋಗಿ ಬಹಳ ಕಾಲವಾಯಿತು. ಆದರೂ ಬಳ್ಳಾರಿಯ ಜೀನ್ಸ್ ಹೊಲಿಗೆ ಶೆಡ್ಡುಗಳಲ್ಲಿ, ತೋರಣಗಲ್ಲಿಗೆ ಹೋಗುವ ಪಾಳಿ ಬಸ್ಸುಗಳಲ್ಲಿ, ಸಿಂಧನೂರು ಮತ್ತು ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಓಡುವ ಟ್ರ್ಯಾಕ್ಟರುಗಳಲ್ಲಿ ಹಾಡು ಇಂದಿಗೂ ಎಷ್ಟೋ ಸಲ ಚಿಪ್ಪಿನಿಂದಲೇ ಬರುತ್ತದೆ. ಸಂಡೂರಿನ ಗುಡ್ಡಗಳ ಮರೆಯಲ್ಲಿ ಸಿಗ್ನಲ್ ಬಿಟ್ಟುಬಿಟ್ಟು ಬರುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಇಲ್ಲಿನವರು ಕೇಳಬಯಸುವ ಎಷ್ಟೋ ಹಾಡುಗಳು ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ಇಲ್ಲ. ಊರಿನ ಭಜನಾ ಮಂಡಳಿಯ ರೆಕಾರ್ಡಿಂಗು, ಮೊಹರಂ ಹೊತ್ತಿಗೆ ಮುದಗಲ್ಲಿನಲ್ಲಿ ಯಾರೋ ಫೋನಿನಲ್ಲಿ ಹಿಡಿದ ರಿವಾಯತ್ ಪದ, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಬಯಲಾಟ, ಇವೆಲ್ಲ ಬರೀ ಫೈಲುಗಳಾಗಿ ಕೈಯಿಂದ ಕೈಗೆ ಬಂದವು.

ಆದ್ದರಿಂದ ಈ ಹೋಲಿಕೆಯಲ್ಲಿ ಧ್ವನಿ ಚೆನ್ನಾಗಿದೆಯೇ ಎಂಬ ಪ್ರಶ್ನೆಗಿಂತ ಮೊದಲು ಎರಡು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆ ಆ್ಯಪ್ ಯಾರ ಹಣದಿಂದ ನಡೆಯುತ್ತದೆ? ನಮ್ಮ ಹಾಡುಗಳು ಈಗ ಇರುವ ಸ್ಥಿತಿಯಲ್ಲೇ, ಅಂದರೆ ಅಡ್ಡಾದಿಡ್ಡಿ ಹೆಸರು, ತಾಸುಗಟ್ಟಲೆ ಉದ್ದ, ಕಲಸುಮೇಲೋಗರದ ಫೋಲ್ಡರು ಇವುಗಳೊಂದಿಗೇ, ಅದು ಅವನ್ನು ಒಪ್ಪಿಕೊಳ್ಳುತ್ತದೆಯೇ?

ಡೌನ್‌ಲೋಡ್ ಎಂಬುದು ಆಫ್‌ಲೈನ್ ಅಲ್ಲ

ಸ್ಟ್ರೀಮಿಂಗ್ ಆ್ಯಪಿನಲ್ಲಿಯೂ ಡೌನ್‌ಲೋಡ್ ಗುಂಡಿ ಇದೆಯಲ್ಲ, ಬೇರೆ ಪ್ಲೇಯರ್ ಯಾಕೆ ಎಂದು ಅನೇಕರು ಕೇಳುತ್ತಾರೆ. ಹಾಗೆ ಇಳಿಸಿದ ಹಾಡು ಬೀಗ ಹಾಕಿದ ಫೈಲು; ಆ ಆ್ಯಪಿನ ಹೊರಗೆ ಅದು ನುಡಿಯದು, ಬ್ಲೂಟೂತಿನಲ್ಲಿ ಗೆಳೆಯನಿಗೆ ಕಳಿಸಲು ಬಾರದು, ಪೆನ್‌ಡ್ರೈವಿಗೆ ಹಾಕಿ ಟ್ರ್ಯಾಕ್ಟರಿನ ಡೆಕ್ಕಿಗೆ ಚುಚ್ಚಲೂ ಆಗದು. ಸ್ಪಾಟಿಫೈನಲ್ಲಿ ಹಣ ಕಟ್ಟಿ ಇಳಿಸಿದ ಹಾಡುಗಳು ಉಳಿಯಬೇಕಾದರೆ 30 ದಿನಕ್ಕೊಮ್ಮೆಯಾದರೂ ಫೋನು ನೆಟ್ಟಿಗೆ ಬರಬೇಕು. ಚಂದಾ ನಿಂತರೆ ಹಾಡೂ ನಿಲ್ಲುತ್ತದೆ.

ಸೇವೆಯೇ ನಿಂತರೆ? ಇದು ಊಹೆಯ ಮಾತಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಗೆ ಮುಚ್ಚಿತು. ಗಾನಾ 2022ರಲ್ಲಿ ಪುಕ್ಕಟೆ ಕೇಳುವಿಕೆಯನ್ನು ತೆಗೆದು ಚಂದಾ ಕಟ್ಟುವವರಿಗಷ್ಟೇ ಎಂದಿತು. ರೆಸ್ಸೋ 2024ರ ಜನವರಿ 31ಕ್ಕೆ ಭಾರತದಲ್ಲಿ ನಿಂತಿತು. ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ಕನ್ನು ಮುಚ್ಚುವುದಾಗಿ ಅದೇ ವರ್ಷ ಪ್ರಕಟಿಸಿತು. ಒಂದೊಂದು ಸಲವೂ ಕೇಳುಗರು ವರ್ಷಗಟ್ಟಲೆ ಜೋಡಿಸಿಕೊಂಡ ಪಟ್ಟಿಗಳನ್ನು ಬಿಟ್ಟು ಮತ್ತೊಂದು ಕಡೆಗೆ ಗಂಟುಮೂಟೆ ಕಟ್ಟಬೇಕಾಯಿತು. ಹೊಸ ಸಿನಿಮಾ ಹಾಡಿಗೆ ಸ್ಟ್ರೀಮಿಂಗ್ ಬೇಕೇ ಬೇಕು, ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಳೆದುಹೋದರೆ ಮತ್ತೆ ಸಿಗದ ಹಾಡುಗಳನ್ನು ಮಾತ್ರ ಆ ಸೇವೆಗಳ ಭರವಸೆಯ ಮೇಲೆ ಬಿಡಬಾರದು.

ಯಾರ ಹಣದಿಂದ ನಡೆಯುತ್ತದೆ

ಆಫ್‌ಲೈನ್ ಪ್ಲೇಯರುಗಳ ಮಾರುಕಟ್ಟೆಯಲ್ಲಿ ಸ್ಥೂಲವಾಗಿ ನಾಲ್ಕು ಬಗೆಯವು ಉಳಿದುಕೊಂಡಿವೆ. ಫೋನಿನೊಂದಿಗೇ ಬರುವ ಕಂಪನಿಯ ಪ್ಲೇಯರು. ಪುಕ್ಕಟೆ ಎಂದು ಹೇಳಿಕೊಂಡು ಜಾಹೀರಾತಿನಿಂದ ಗಳಿಸುವುದು. ಒಮ್ಮೆ ದುಡ್ಡು ಕೊಟ್ಟು ಕೊಳ್ಳುವುದು. ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿಟ್ಟ ಮುಕ್ತ ತಂತ್ರಾಂಶವಾಗಿ ಸ್ವಯಂಸೇವಕರೋ ಲಾಭರಹಿತ ಸಂಸ್ಥೆಯೋ ನಡೆಸುವುದು. ಮೊದಲ ಬಗೆಗೆ ಸಿಗುವ ಅನುಕೂಲವೆಂದರೆ ಹುಡುಕುವ ತೊಂದರೆಯೇ ಇಲ್ಲದೆ ಅದು ಕೈಯಲ್ಲಿರುತ್ತದೆ ಎಂಬುದಷ್ಟೇ. ಸ್ಯಾಮ್‌ಸಂಗ್ ಮ್ಯೂಸಿಕ್ ಈ ಗುಂಪಿನಲ್ಲಿ ಮರ್ಯಾದಸ್ಥ ಆ್ಯಪು. ಕಡಿಮೆ ಬೆಲೆಯ ಫೋನುಗಳ ಪ್ಲೇಯರುಗಳಲ್ಲಿ ಕೆಲವು ಆನ್‌ಲೈನ್ ಹಾಡು, ಸುದ್ದಿ, ಜಾಹೀರಾತು ಎಲ್ಲವನ್ನೂ ತುರುಕಿಕೊಂಡು, ನಮ್ಮ ಚಿಪ್ಪಿನ ಹಾಡಿಗೆ ಹೋಗಲು ಮೂರು ಪರದೆ ದಾಟಿಸುತ್ತವೆ.

ಎರಡನೆಯ ಬಗೆಯ ಬಗ್ಗೆ ಎಚ್ಚರ ಬೇಕು. ಪ್ಲೇ ಸ್ಟೋರಿನಲ್ಲಿ ‘ಆಫ್‌ಲೈನ್ ಮ್ಯೂಸಿಕ್’ ಎಂದು ಹುಡುಕಿದರೆ ಮೇಲೆ ಬರುವ ಎಷ್ಟೋ ಆ್ಯಪುಗಳು ಒಂದೇ ಅಚ್ಚಿನವು. ಹಾಡು ಬದಲಾಯಿಸುವಾಗ ಪರದೆ ತುಂಬ ಜಾಹೀರಾತು, ಧ್ವನಿಯ ಏರಿಳಿತ ಹೊಂದಿಸುವ ಈಕ್ವಲೈಜರ್ ತೆರೆದರೆ ಇನ್ನೊಂದು. ನೆಟ್ ಇಲ್ಲದೆ ನಡೆಯುವ ಕೆಲಸಕ್ಕೆ ಅವು ನೆಟ್ ಬಳಸುವುದು ಜಾಹೀರಾತು ತರಿಸಲಿಕ್ಕೆ. ಇನ್‌ಸ್ಟಾಲ್ ಮಾಡುವ ಮುನ್ನ ಆ್ಯಪಿನ ಹೆಸರಿನ ಕೆಳಗೆ ಜಾಹೀರಾತುಗಳಿವೆ ಎಂಬ ಸಾಲು ಇದೆಯೇ ಎಂದು ನೋಡಿ, ಆಮೇಲೆ ಅದು ಕೇಳುವ ಅನುಮತಿಗಳನ್ನು ನೋಡಬೇಕು. ಆಂಡ್ರಾಯ್ಡ್ 13ರಿಂದ ಈಚೆಗೆ ಹಾಡಿನ ಫೈಲುಗಳಿಗೆಂದೇ ‘ಸಂಗೀತ ಮತ್ತು ಆಡಿಯೋ’ ಎಂಬ ಪ್ರತ್ಯೇಕ ಅನುಮತಿ ಇದೆ. ಹಾಡು ನುಡಿಸಲು ಅದು ಸಾಕು; ಅಧಿಸೂಚನೆ ತೋರಿಸುವ ಅನುಮತಿಯನ್ನೂ ಕೊಡಬಹುದು. ಸಂಪರ್ಕಗಳ ಪಟ್ಟಿ, ನೀವಿರುವ ಸ್ಥಳ, ಕ್ಯಾಮೆರಾ ಕೇಳಿದರೆ ಹಾಡಿನ ಆ್ಯಪಿಗೆ ಅದರಿಂದೇನು ಎಂದು ತಿರುಗಿ ಕೇಳುವುದು ನ್ಯಾಯವೇ.

ಒಡೆತನ ಬದಲಾದಾಗ ಆ್ಯಪಿನ ಸ್ವಭಾವವೂ ಬದಲಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ಫೋನಿನಲ್ಲಿರುವ ವಿಡಿಯೋ ನೋಡಲು ನಮ್ಮಲ್ಲಿ ಮನೆಮಾತಾಗಿದ್ದ ಎಂಎಕ್ಸ್ ಪ್ಲೇಯರನ್ನು 2018ರಲ್ಲಿ ಟೈಮ್ಸ್ ಇಂಟರ್ನೆಟ್ ಕೊಂಡಿತು. ಮರುವರ್ಷ ಅದು ಧಾರಾವಾಹಿ, ಸಿನಿಮಾ ತೋರಿಸುವ ಒಟಿಟಿ ಆಯಿತು. 2024ರಲ್ಲಿ ಅಮೆಜಾನ್ ಪಾಲಾಯಿತು. ಎರಡನೆಯದು ಸಿಂಪಲ್ ಮೊಬೈಲ್ ಟೂಲ್ಸ್. ಜಾಹೀರಾತಿಲ್ಲದ ಪುಟ್ಟ ಪುಟ್ಟ ಆ್ಯಪುಗಳ ಈ ಕುಟುಂಬದಲ್ಲಿ ಒಂದು ಮ್ಯೂಸಿಕ್ ಪ್ಲೇಯರೂ ಇತ್ತು. 2023ರ ಕೊನೆಯಲ್ಲಿ ಅದರ ಕರ್ತೃ ಇಡೀ ಕುಟುಂಬವನ್ನು ಜಿಪೋಆ್ಯಪ್ಸ್ ಎಂಬ ಕಂಪನಿಗೆ ಮಾರಿದಾಗ ಹಳೆಯ ಬಳಕೆದಾರರು ಸಿಟ್ಟಿಗೆದ್ದರು. ಆದರೆ ಅದರ ಮೂಲ ಸಂಕೇತ ಮುಕ್ತವಾಗಿದ್ದುದರಿಂದ ಬೇರೆಯವರು ಅದನ್ನು ಫಾಸಿಫೈ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಮುಕ್ತ ತಂತ್ರಾಂಶದ ನಿಜವಾದ ಲಾಭ ಇರುವುದು ಇಲ್ಲಿ: ಯಜಮಾನ ಮಾರಿಕೊಂಡರೂ ಮನೆ ಪೂರ್ತಿ ಕೈತಪ್ಪುವುದಿಲ್ಲ.

ಕಣದಲ್ಲಿರುವವರು

ಮ್ಯೂಸಿಕೋಲೆಟ್, ವಿಎಲ್‌ಸಿ, ಪವರಾಂಪ್ ಈ ಮೂರನ್ನು ವಿವರವಾಗಿಯೂ ಎಐಎಂಪಿ, ಫಾಸಿಫೈಗಳನ್ನು ಸಂಕ್ಷೇಪವಾಗಿಯೂ ನೋಡೋಣ.

ಮ್ಯೂಸಿಕೋಲೆಟ್ ಹೆಸರು ಮಾಡಿದ್ದೇ ಅಂತರ್ಜಾಲದ ಸಹವಾಸ ಬೇಡ ಎಂಬ ನಿಲುವಿನಿಂದ. ಜಾಹೀರಾತು ಇಲ್ಲ; ಹೆಚ್ಚುವರಿ ಸೌಲಭ್ಯ ಬೇಕೆಂದರೆ ಮಾತ್ರ ಹಣ. ನಮ್ಮ ಭಾಗದ ಕೇಳುಗರಿಗೆ ಇದರ ಎರಡು ಗುಣಗಳು ಮುಖ್ಯ. ಮೊದಲನೆಯದು, ಫೋಲ್ಡರುಗಳನ್ನು ಇದ್ದ ಹಾಗೆಯೇ, ಒಂದರೊಳಗೊಂದಾಗಿ ತೆರೆದು ತೋರಿಸುವುದು. ಎರಡನೆಯದು, ಒಂದೇ ಸಮಯಕ್ಕೆ ಹಲವು ಸರದಿಗಳನ್ನು (ಒಂದಾದ ಮೇಲೊಂದು ನುಡಿಯಬೇಕಾದ ಹಾಡುಗಳ ಸಾಲು, ಅಂದರೆ ಕ್ಯೂ) ಇಟ್ಟುಕೊಳ್ಳಬಹುದು ಮತ್ತು ಪ್ರತಿಯೊಂದು ಸರದಿಯೂ ಎಲ್ಲಿ ನಿಂತಿತ್ತು ಎಂಬುದನ್ನು ನೆನಪಿಡುತ್ತದೆ. ಬೆಳಗ್ಗೆ ದಾಸರ ಪದದ ಸರದಿ, ಕೆಲಸದ ಹೊತ್ತಿಗೆ ಸಿನಿಮಾ ಹಾಡಿನದು, ರಾತ್ರಿ ಪ್ರವಚನದ್ದು. ಒಂದರಿಂದ ಮತ್ತೊಂದಕ್ಕೆ ಹೋಗಿ ಬಂದರೂ ಬಿಟ್ಟಲ್ಲಿಂದಲೇ ಶುರುವಾಗುತ್ತದೆ. ಇಯರ್‌ಫೋನಿನ ಗುಂಡಿಯನ್ನು ಒಮ್ಮೆ ಒತ್ತಿದರೆ ನಿಲ್ಲುವುದು, ಎರಡು ಸಲ ಒತ್ತಿದರೆ ಮುಂದಿನ ಹಾಡು, ಮೂರು ಸಲಕ್ಕೆ ಹಿಂದಿನದು. ಹೊಲಿಗೆ ಯಂತ್ರದ ಮುಂದೆ ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಕೂತವರಿಗೆ ಇದು ಸಣ್ಣ ಸೌಲಭ್ಯವಲ್ಲ. ಕೊರತೆಯೂ ಇದೆ: ಮೊದಲ ಸಲ ತೆರೆದವರಿಗೆ ಪರದೆಯ ತುಂಬ ಚಿಹ್ನೆಗಳು ಕಂಡು ಗಾಬರಿಯಾಗುತ್ತದೆ. ಇದು ಮುಕ್ತ ತಂತ್ರಾಂಶವಲ್ಲ ಎಂಬುದನ್ನೂ ನೆನಪಿಡಬೇಕು. ಮೇಲೆ ಹೇಳಿದ ಒಡೆತನದ ಅಪಾಯ ಇದಕ್ಕೂ ಇದ್ದೇ ಇದೆ.

ವಿಎಲ್‌ಸಿ 1996ರಲ್ಲಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಯಾಗಿ ಆರಂಭಗೊಂಡು, 2001ರಿಂದ ಮುಕ್ತ ಪರವಾನಗಿಯಲ್ಲಿ ದೊರೆಯುತ್ತಿದೆ. ಅದನ್ನು ನಡೆಸುವ ವಿಡಿಯೋಲ್ಯಾನ್ ಲಾಭರಹಿತ ಸಂಸ್ಥೆ. ಕಂಪ್ಯೂಟರಿನಲ್ಲಿ ಅದರ ಕಿತ್ತಳೆ ಬಣ್ಣದ ರಸ್ತೆ ಶಂಕುವನ್ನು ನೋಡದವರು ವಿರಳ. ಫೋನಿನಲ್ಲಿಯೂ ಅದು ಹಾಡು, ವಿಡಿಯೋ ಎರಡನ್ನೂ ನುಡಿಸುತ್ತದೆ, ಯಾವ ಹಳೆಯ ಫಾರ್ಮ್ಯಾಟ್ ಕೊಟ್ಟರೂ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ನುಡಿಸುವ ವೇಗ ಹೆಚ್ಚುಕಡಿಮೆ ಮಾಡಬಹುದು, ಇಷ್ಟು ಹೊತ್ತಿಗೆ ತಾನೇ ನಿಲ್ಲು ಎಂದು ಸಮಯ ಗೊತ್ತುಮಾಡಬಹುದು. ಬಯಲಾಟದ ವಿಡಿಯೋ ಮತ್ತು ಅದೇ ತಂಡದ ಹಾಡಿನ ಫೈಲು ಎರಡೂ ಇಟ್ಟುಕೊಂಡವರಿಗೆ ಒಂದೇ ಆ್ಯಪ್ ಸಾಕಾಗುತ್ತದೆ. ಹಾಡಿಗಾಗಿಯೇ ರೂಪಿಸಿದ ಪ್ಲೇಯರಲ್ಲವಾದ್ದರಿಂದ ದೊಡ್ಡ ಸಂಗ್ರಹವನ್ನು ಅಚ್ಚುಕಟ್ಟಾಗಿ ತಿದ್ದಿ ಜೋಡಿಸುವ ಕೆಲಸದಲ್ಲಿ ಮಾತ್ರ ಅದು ಹಿಂದೆ.

ಪವರಾಂಪ್ ದುಡ್ಡು ಕೊಟ್ಟು ಕೊಳ್ಳುವವರ ಆಯ್ಕೆ. ಸ್ವಲ್ಪ ದಿನ ಪರೀಕ್ಷಿಸಿ ನೋಡಲು ಪುಕ್ಕಟೆ, ಆಮೇಲೆ ಒಂದೇ ಸಲ ಹಣ. ತಿಂಗಳ ಚಂದಾ ಇಲ್ಲ. ಹತ್ತು ಬ್ಯಾಂಡುಗಳ ಈಕ್ವಲೈಜರು, ಬಾಸ್ ಮತ್ತು ಟ್ರೆಬಲ್‌ಗೆ ಬೇರೆ ಗುಂಡಿಗಳು ಇದರ ಖ್ಯಾತಿಗೆ ಕಾರಣ. ನಿಜಕ್ಕೂ ಹಣಕ್ಕೆ ತಕ್ಕ ಸೌಲಭ್ಯವೆಂದು ನನಗನ್ನಿಸುವುದು ಬೇರೆಯದು: ಇಯರ್‌ಫೋನಿಗೆ ಒಂದು, ಬ್ಲೂಟೂತ್ ಸ್ಪೀಕರಿಗೆ ಒಂದು, ಫೋನಿನ ಸ್ವಂತ ಸ್ಪೀಕರಿಗೆ ಒಂದು ಎಂದು ಧ್ವನಿಯ ಹೊಂದಾಣಿಕೆಗಳನ್ನು ಗೊತ್ತುಮಾಡಿಟ್ಟರೆ ಅದು ತಾನೇ ಬದಲಾಯಿಸಿಕೊಳ್ಳುತ್ತದೆ. ಲಾರಿಯ ಕ್ಯಾಬಿನ್ನಿನಲ್ಲಿ ಒಂದು ಬಗೆ, ಮನೆಯಲ್ಲಿ ಇನ್ನೊಂದು ಬಗೆ ಕೇಳುವವರು ಇದನ್ನು ಮೆಚ್ಚುತ್ತಾರೆ. ಈಕ್ವಲೈಜರನ್ನು ಮುಟ್ಟದವರು ಈ ಹಣ ಉಳಿಸಬಹುದು.

ರಷ್ಯಾ ಮೂಲದ ಎಐಎಂಪಿ ಬಹಳ ವರ್ಷಗಳಿಂದ ವಿಂಡೋಸಿನಲ್ಲಿ ಹೆಸರಾದದ್ದು, ಆಂಡ್ರಾಯ್ಡಿನಲ್ಲಿಯೂ ಪುಕ್ಕಟೆಯಾಗಿ ಸಿಗುತ್ತದೆ. ಹಗುರವಾಗಿದೆ, ಎಲ್ಲವನ್ನೂ ಪಟ್ಟಿಗಳ ಲೆಕ್ಕದಲ್ಲಿ ನೋಡುತ್ತದೆ. ಹಳೆಯ ಕಂಪ್ಯೂಟರ್ ಪ್ಲೇಯರಿನ ಪದ್ಧತಿಗೆ ಒಗ್ಗಿದವರಿಗೆ ಹಿಡಿಸೀತು. ಫಾಸಿಫೈ ಪ್ಲೇಯರಂತೂ ಅಗತ್ಯಕ್ಕಿಂತ ಹೆಚ್ಚೇನೂ ಬೇಡ ಎನ್ನುವವರದು.

ಕನ್ನಡ ಹೆಸರುಗಳ ಪಜೀತಿ

ಹೋಲಿಕೆಯ ಲೇಖನಗಳಲ್ಲಿ ಯಾರೂ ಬರೆಯದ, ಆದರೆ ನಮ್ಮಲ್ಲಿ ಎಲ್ಲರೂ ಅನುಭವಿಸುವ ತೊಂದರೆ ಇದು. ಎಂಪಿ3 ಫೈಲಿನೊಳಗೆ ಹಾಡಿನ ಹೆಸರು, ಹಾಡಿದವರು, ಆಲ್ಬಮ್ ಎಂಬ ವಿವರಗಳನ್ನು ಟ್ಯಾಗ್ ಎಂಬ ಭಾಗದಲ್ಲಿ ಬರೆದಿಡುತ್ತಾರೆ. ಆ ಟ್ಯಾಗಿನ ಮೊದಲ ಆವೃತ್ತಿಯಲ್ಲಿ ಕನ್ನಡ ಅಕ್ಷರಕ್ಕೆ ಜಾಗವೇ ಇರಲಿಲ್ಲ. ಎರಡನೆಯ ಆವೃತ್ತಿಯಲ್ಲಿ ಎಲ್ಲ ಭಾಷೆಗಳ ಅಕ್ಷರಕ್ಕೂ ಜಾಗವಿರುವ ಯೂನಿಕೋಡ್ ಬಂತು. ಆದರೆ ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿ ಟ್ಯಾಗು ತುಂಬಿದ ಸೀಡಿಗಳು ಆಗ ಬಹಳ ಇದ್ದವು. ಅಂಥ ಫೈಲನ್ನು ಇಂದು ಯಾವ ಪ್ಲೇಯರಿನಲ್ಲಿ ತೆರೆದರೂ ಹಾಡಿನ ಹೆಸರಿನ ಜಾಗದಲ್ಲಿ ಕೊಂಬು, ಟೋಪಿ ಹೊತ್ತ ರೋಮನ್ ಅಕ್ಷರಗಳ ಸಾಲೊಂದು ಕಾಣುತ್ತದೆ. ಅಕ್ಷರ ಸಂಕೇತ ಬದಲಿಸುವ ಸೆಟ್ಟಿಂಗ್ ಕೆಲವು ಪ್ಲೇಯರುಗಳಲ್ಲಿದ್ದರೂ ಅದು ರಷ್ಯನ್, ಚೀನೀ ಮುಂತಾದ ಭಾಷೆಗಳ ಪ್ರಮಾಣಿತ ಸಂಕೇತಗಳಿಗೆ ಮಾತ್ರ ಉಪಯೋಗ. ನಮ್ಮ ಹಳೆಯ ಫಾಂಟಿನ ಸಂಕೇತ ಆ ಪಟ್ಟಿಯಲ್ಲಿ ಇರುವುದಿಲ್ಲ.

ಟ್ಯಾಗಿದ್ದರೂ ಉಪಯೋಗವಿಲ್ಲದ ಸಂದರ್ಭಗಳು ಇನ್ನೂ ಹೆಚ್ಚು. ಚಿಪ್ಪು ತುಂಬಿಸಿಕೊಟ್ಟ ಹಾಡುಗಳಲ್ಲಿ ಕಲಾವಿದರ ಹೆಸರಿನ ಜಾಗದಲ್ಲಿ ಯಾವುದೋ ವೆಬ್‌ಸೈಟಿನ ವಿಳಾಸ ಇರುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿದವಕ್ಕೆ ‘ಟ್ರ್ಯಾಕ್ 1’, ‘ಟ್ರ್ಯಾಕ್ 2’ ಎಂದೇ ಹೆಸರು. ವಾಟ್ಸ್‌ಆ್ಯಪಿನಲ್ಲಿ ಬಂದವಕ್ಕೆ ತಾರೀಖು ಮತ್ತು ಒಂದು ಕ್ರಮಸಂಖ್ಯೆ, ಅಷ್ಟೇ. ಹೀಗಿರುವಾಗ ಹಾಡುಗಳನ್ನು ಕಲಾವಿದರು, ಆಲ್ಬಮ್, ಪ್ರಕಾರ ಎಂದು ಅಂದವಾಗಿ ವಿಂಗಡಿಸಿ ತೋರಿಸುವ ಪ್ಲೇಯರು ನಮ್ಮ ಸಂಗ್ರಹದ ಮುಂದೆ ಸೋಲುತ್ತದೆ. ವಿಜಯದಾಸರ ಒಂದೇ ಪದವನ್ನು ನಾಲ್ವರು ಹಾಡಿದ್ದರೆ ನಾಲ್ಕಕ್ಕೂ ಒಂದೇ ಹೆಸರು. ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಬೇಕೆಂದವರಿಗೆ ಅದು ಇನ್ಯಾರದೋ ಧ್ವನಿಯೊಂದಿಗೆ ಕಲೆತು ಬರುತ್ತದೆ. ಆದ್ದರಿಂದ ಇಲ್ಲಿಯವರಿಗೆ ಪ್ಲೇಯರಿನ ಮೊದಲ ಪರೀಕ್ಷೆಯೆಂದರೆ ಫೋಲ್ಡರ್ ನೋಟ. ದಾಸರ ಪದ, ತತ್ವಪದ, ಮೊಹರಂ ಪದ, ಪುರಾಣ ಎಂದು ಫೋಲ್ಡರು ಮಾಡಿ, ಒಳಗೆ ಹಾಡುಗಾರರ ಹೆಸರಿನ ಫೋಲ್ಡರಿಟ್ಟು, ಫೈಲಿನ ಹೆಸರನ್ನು 01, 02 ಎಂಬ ಅಂಕಿಯಿಂದ ಶುರುಮಾಡಿದರೆ ಟ್ಯಾಗು ಹೇಗೇ ಇರಲಿ ಹಾಡು ಸಿಗುತ್ತದೆ. ಈ ಲೆಕ್ಕದಲ್ಲಿ ಮ್ಯೂಸಿಕೋಲೆಟ್ ಮತ್ತು ಪವರಾಂಪ್ ಮುಂದಿವೆ. ಟ್ಯಾಗನ್ನೇ ಸರಿಪಡಿಸುವ ತಾಳ್ಮೆಯಿದ್ದವರಿಗೆ ಎರಡರಲ್ಲೂ ಅದಕ್ಕೆ ದಾರಿಯಿದೆ. ಕನ್ನಡ ಕೀಲಿಮಣೆಯಲ್ಲಿ ನೇರವಾಗಿ ಟೈಪು ಮಾಡಬಹುದು. ಒಂದು ಮಾತು: ಮನೆಯಲ್ಲಿ ಹುಡುಕುವವರು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡುವವರಾದರೆ ಕನ್ನಡದಲ್ಲಿ ಬರೆದ ಹೆಸರು ಅವರಿಗೆ ಸಿಗುವುದಿಲ್ಲ. ಯಾವುದಾದರೂ ಒಂದು ಲಿಪಿಗೆ ಅಂಟಿಕೊಳ್ಳಿ.

ತಾಸುಗಟ್ಟಲೆ ಉದ್ದದ ಕಥೆಗಳು

ಸಿನಿಮಾ ಹಾಡು ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ದರೋಜಿ ಈರಮ್ಮನವರಂಥ ಬುರ್ರಕಥಾ ಕಲಾವಿದರು ಒಂದು ಕಥೆಯನ್ನು ರಾತ್ರಿಗಳುದ್ದಕ್ಕೂ ಹೇಳುತ್ತಿದ್ದವರು. ಅಂಥ ಕಥೆಯ, ಇಲ್ಲವೇ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಡೆಯುವ ಪ್ರವಚನದ ಮೂರು ತಾಸಿನ ರೆಕಾರ್ಡಿಂಗ್ ಕೇಳುತ್ತಿರುವಾಗ ಫೋನು ಬಂದರೆ, ಆಮೇಲೆ ಪ್ಲೇಯರು ಮೊದಲಿನಿಂದ ಶುರುಮಾಡಿದರೆ ಕೇಳುಗನ ತಾಳ್ಮೆ ಮುಗಿಯುತ್ತದೆ. ಸ್ಥಾನವನ್ನು ಬೆರಳಿನಿಂದ ಹುಡುಕಲು ಹೋದರೆ, ಅಂಗೈ ಅಗಲದ ಪರದೆಯಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಎರಡು ನಿಮಿಷ ದಾಟಿಹೋಗುತ್ತದೆ. ಇಂಥವರಿಗೆ ಮ್ಯೂಸಿಕೋಲೆಟ್ಟಿನ ಪ್ರತ್ಯೇಕ ಸರದಿ ಮತ್ತು ಅದರಲ್ಲಿ ಗುರುತು ಹಾಕಿಟ್ಟುಕೊಳ್ಳುವ ಸೌಲಭ್ಯ ಬಹಳ ಉಪಯುಕ್ತ. ಪವರಾಂಪ್‌ನಲ್ಲಿ ಉದ್ದದ ಫೈಲುಗಳು ನಿಂತ ಜಾಗವನ್ನು ನೆನಪಿಡುವ ಸೆಟ್ಟಿಂಗ್ ಇದೆ, ಅದನ್ನು ಹುಡುಕಿ ಚಾಲೂ ಮಾಡಿಕೊಳ್ಳಬೇಕು.

ಮಾತಿನ ರೆಕಾರ್ಡಿಂಗಿಗೆ ಜಾಗ ಹೆಚ್ಚು ಬೇಡ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸೆಕೆಂಡಿಗೆ 64 ಕಿಲೋಬಿಟ್ ದರದ ಎಂಪಿ3ಯಲ್ಲಿ ಮೂರು ತಾಸಿನ ಕಥೆ ಸುಮಾರು 86 ಎಂಬಿಯಲ್ಲಿ ಮುಗಿಯುತ್ತದೆ. ಹಾಡಿಗೆ 128 ಕಿಲೋಬಿಟ್ ಎಂದರೆ ನಿಮಿಷಕ್ಕೆ ಹತ್ತಿರಹತ್ತಿರ ಒಂದು ಎಂಬಿ. ಐದು ನಿಮಿಷದ ಹಾಡುಗಳನ್ನು 32 ಜಿಬಿಯ ಚಿಪ್ಪಿನಲ್ಲಿ ಆರು ಸಾವಿರದಷ್ಟು ಇಡಬಹುದು. 320 ಕಿಲೋಬಿಟ್ ಆದರೆ ಎರಡೂವರೆ ಸಾವಿರ.

ಧ್ವನಿಯ ಬಗ್ಗೆ

ಈಕ್ವಲೈಜರು ಬಂದ್ ಇದ್ದಾಗ ಒಂದೇ ಫೈಲನ್ನು ಎರಡು ಪ್ಲೇಯರಿನಲ್ಲಿ ಕೇಳಿ ವ್ಯತ್ಯಾಸ ಹೇಳುವುದು ಬಹಳ ಕಷ್ಟ, ಏಕೆಂದರೆ ಎಂಪಿ3 ಬಿಡಿಸುವ ವಿಧಾನ ಪ್ರಮಾಣಿತವಾದದ್ದು. ‘ಅತ್ಯುನ್ನತ ಗುಣಮಟ್ಟ’ದ ಹೆಸರಿನಲ್ಲಿ, ಧ್ವನಿಯ ಯಾವ ವಿವರವನ್ನೂ ಬಿಡದ ದೊಡ್ಡ ಗಾತ್ರದ ಫ್ಲ್ಯಾಕ್ ಫೈಲುಗಳನ್ನು ತುಂಬಿಕೊಂಡು ಅಗ್ಗದ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುವವರು ಜಾಗ ಕಳೆದುಕೊಳ್ಳುತ್ತಾರೆಯೇ ಹೊರತು ಬೇರೇನೂ ಪಡೆಯುವುದಿಲ್ಲ. ಅಂಥ ಸ್ಪೀಕರಿಗೆ ಕಳಿಸುವಾಗ ಫೋನು ಆ ಧ್ವನಿಯನ್ನು ಮತ್ತೆ ಕುಗ್ಗಿಸಿಯೇ ಕಳಿಸುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿದ ಹಾಡಿನ ಸದ್ದನ್ನಂತೂ ಯಾವ ಪ್ಲೇಯರೂ ಹೊಸದು ಮಾಡಲಾರದು; ಹೆಚ್ಚೆಂದರೆ ಟ್ರೆಬಲ್ ಇಳಿಸಿ ಅದರ ಸುಯ್ಯೆನ್ನುವ ಸದ್ದನ್ನು ತಗ್ಗಿಸಬಹುದು. ಆದ್ದರಿಂದ ಧ್ವನಿಯ ಜಾಹೀರಾತಿಗೆ ಮರುಳಾಗಿ ಪ್ಲೇಯರ್ ಆರಿಸಬೇಡಿ, ಆ ಹಣದಲ್ಲಿ ಒಳ್ಳೆಯ ಇಯರ್‌ಫೋನು ಕೊಳ್ಳಿ.

ಹಾಡು ನಡುವೆ ನಿಂತರೆ

ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಡು ತಾನೇ ನಿಲ್ಲುತ್ತದೆ ಎಂಬ ದೂರು ಪ್ಲೇಯರಿನ ಮೇಲೆ ಬರುತ್ತದೆ, ಆದರೆ ತಪ್ಪು ಸಾಮಾನ್ಯವಾಗಿ ಫೋನಿನದು. ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಕೆಲವು ಕಂಪನಿಗಳ ಫೋನುಗಳು ಹಿನ್ನೆಲೆಯಲ್ಲಿ ನಡೆಯುವ ಆ್ಯಪುಗಳನ್ನು ಮುಲಾಜಿಲ್ಲದೆ ಮುಚ್ಚುತ್ತವೆ. ಸೆಟ್ಟಿಂಗಿನಲ್ಲಿ ಆ ಆ್ಯಪಿನ ಬ್ಯಾಟರಿ ಭಾಗಕ್ಕೆ ಹೋಗಿ ನಿರ್ಬಂಧ ಬೇಡ ಎಂದು ಗೊತ್ತುಮಾಡಿದರೆ ಬಹುಪಾಲು ಸರಿಹೋಗುತ್ತದೆ. ಆ್ಯಪ್ ಬದಲಿಸುವ ಮುನ್ನ ಇದನ್ನು ಮಾಡಿ ನೋಡಬೇಕು. ಹಾಡಿನ ನಡುವೆ ವಾಟ್ಸ್‌ಆ್ಯಪಿನ ಆಡಿಯೋ ತುಣುಕುಗಳು ನುಗ್ಗಿ ಬರುತ್ತಿದ್ದರೆ ಆ ಫೋಲ್ಡರನ್ನು ಪಟ್ಟಿಯಿಂದ ಹೊರಗಿಡುವ ಸೌಲಭ್ಯ ಮ್ಯೂಸಿಕೋಲೆಟ್ಟಿನಲ್ಲಿದೆ.

ಯಾರಿಗೆ ಯಾವುದು

ಬರೀ ಹಾಡು, ಅದರಲ್ಲೂ ಫೋಲ್ಡರಿನಲ್ಲಿ ಇಟ್ಟುಕೊಂಡ ಭಜನೆ, ತತ್ವಪದ, ಪ್ರವಚನಗಳು ಮುಖ್ಯವಾದವರಿಗೆ ನನ್ನ ಆಯ್ಕೆ ಮ್ಯೂಸಿಕೋಲೆಟ್. ವಿಡಿಯೋವೂ ಬೇಕು, ಒಡೆತನದ ಚಿಂತೆಯೂ ಬೇಡ ಎನ್ನುವವರಿಗೆ ವಿಎಲ್‌ಸಿ. ಐಫೋನ್ ಇದ್ದವರಿಗೂ ಈ ಪಟ್ಟಿಯಿಂದ ಸಿಗುವ ನೇರ ಆಯ್ಕೆ ಅದೇ, ಏಕೆಂದರೆ ಮ್ಯೂಸಿಕೋಲೆಟ್, ಪವರಾಂಪ್ ಎರಡೂ ಆಂಡ್ರಾಯ್ಡಿಗೆ ಮಾತ್ರ. ಹಲವು ಸ್ಪೀಕರುಗಳಲ್ಲಿ ಕೇಳುವ, ಧ್ವನಿಯನ್ನು ತಿದ್ದಿ ತೀಡುವ ಹವ್ಯಾಸದವರು ಪವರಾಂಪ್‌ಗೆ ಹಣ ಕೊಡಲಿ. ಸ್ಯಾಮ್‌ಸಂಗ್ ಮ್ಯೂಸಿಕ್ ಈಗಾಗಲೇ ಫೋನಿನಲ್ಲಿದ್ದು ನೂರಿನ್ನೂರು ಹಾಡು ಮಾತ್ರ ಇದ್ದವರು ಹೊಸದೇನನ್ನೂ ಹಾಕಿಕೊಳ್ಳಬೇಕಿಲ್ಲ. ಮನೆಯ ಹಿರಿಯರ ಫೋನಿಗಾದರೆ ಫಾಸಿಫೈಯಂಥ ಸರಳ ಪ್ಲೇಯರನ್ನು ಹಾಕಿ, ಅವರಿಗೆ ಬೇಕಾದ ಒಂದೆರಡು ಪಟ್ಟಿಗಳನ್ನು ಮೊದಲೇ ಮಾಡಿಟ್ಟು, ಅಕ್ಷರದ ಗಾತ್ರವನ್ನು ಫೋನಿನ ಸೆಟ್ಟಿಂಗಿನಲ್ಲಿ ದೊಡ್ಡದು ಮಾಡಿಕೊಡಿ.

ಟ್ರ್ಯಾಕ್ಟರು, ಲಾರಿಯ ಡೆಕ್ಕಿಗೆ ಪೆನ್‌ಡ್ರೈವ್ ಹಾಕುವವರಿಗೆ ಆ್ಯಪಿನ ಆಯ್ಕೆಯೇ ಅನ್ವಯಿಸುವುದಿಲ್ಲ. ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಹಾಡುಗಳನ್ನು ಎಂಪಿ3ಯಲ್ಲೇ ಇಡಿ; ಅಗ್ಗದ ಡೆಕ್ಕುಗಳು ಕನ್ನಡ ಅಕ್ಷರವನ್ನು ಹೆಚ್ಚಾಗಿ ತೋರಿಸಲಾರವಾದ್ದರಿಂದ ಅದಕ್ಕೆ ಹಾಕುವ ಪ್ರತಿಯಲ್ಲಿ ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ. ಮತ್ತೆ ಸಿಗದ ರೆಕಾರ್ಡಿಂಗುಗಳಿದ್ದರೆ ಚಿಪ್ಪನ್ನೊಂದೇ ನಂಬದೆ ಕಂಪ್ಯೂಟರಿನಲ್ಲೋ ಇನ್ನೊಂದು ಡ್ರೈವಿನಲ್ಲೋ ಒಂದು ಪ್ರತಿ ಇಟ್ಟ ಮೇಲೆಯೇ ಹೊಸ ಪ್ಲೇಯರಿನಲ್ಲಿ ಟ್ಯಾಗು ತಿದ್ದುವ, ಅಳಿಸುವ ಕೆಲಸಕ್ಕೆ ಕೈಹಾಕಿ.